ಅಜ್ಜಿಯ ‘ಎರಡು ಮನೆ’ ಜಾಡಿ: ಈ ಚಿತ್ರ ಏನು ಅಂತ ಯಾರಿಗಾದರೂ ಗೊತ್ತಾ?

ಅಟ್ಟದ ಮೇಲೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಸರಸ್ವತಿಪುರಂನ ನಮ್ಮ ಹಳೆ ಮನೆ ಖಾಲಿ ಮಾಡುತ್ತಿದ್ದೇವೆ. ಹಿತ್ತಾಳೆ, ತಾಮ್ರ, ಬೊಂಬೆ ಪೆಟ್ಟಿಗೆ ಎಲ್ಲ ನೆಂಟರಿಗೆ ಹಂಚಿಹೋಯಿತು. ಒಂದು ಪುಟ್ಟ ಪಿಂಗಾಣಿ ಜಾಡಿ ಮಾತ್ರ ಯಾರಿಗೂ ಬೇಡವಾಗಿತ್ತು. ನಾನು ಎತ್ತಿಕೊಂಡು ಬಂದೆ.

ಫೋಟೋ ಹಾಕಿದ್ದೇನೆ, ಆದರೆ ಬೆಳಕು ಬಿದ್ದು ಹೊಳೆಯುತ್ತಿದೆ. ಅದಕ್ಕೆ ಬರೆದೂ ಹೇಳುತ್ತೇನೆ. ಮುಚ್ಚಳ ಸೇರಿ 16 ಸೆಂ.ಮೀ. ಎತ್ತರ. ಹೊಟ್ಟೆಯ ಸುತ್ತಳತೆ 42 ಸೆಂ.ಮೀ. ಬಿಳಿ ಅಂದರೆ ಹಾಲಿನ ಬಿಳಿ ಅಲ್ಲ, ಅಕ್ಕಚ್ಚಿನ ಬಣ್ಣ. ಮೈತುಂಬ ನೀಲಿ ಬಳ್ಳಿ. ಬಳ್ಳಿಯ ನಡುವೆ ನಾಲ್ಕು ಕಡೆ ಒಂದೇ ಗುರುತು, ಮುಚ್ಚಳದ ಮೇಲೂ ಅದೇ. ಅಕ್ಕಪಕ್ಕ ಎರಡು ಮನೆ ನಿಂತ ಹಾಗಿದೆ. ಎರಡಕ್ಕೂ ಮೇಲೆ ಗೋಪುರದ ಥರ ಅಡ್ಡಗೆರೆಗಳು, ಕೆಳಗೆ ಚೌಕದ ಬಾಗಿಲು. ನಡುವೆ ಒಂದು ಉದ್ದ ಗೆರೆ ಎರಡನ್ನೂ ಸೇರಿಸಿಕೊಂಡು ಹೋಗಿದೆ. ತಳದಲ್ಲಿ ಎರಡು ನೀಲಿ ಸುತ್ತು, ಒಳಗೆ ಏನೂ ಬರೆದಿಲ್ಲ.

ಅಜ್ಜಿ ಇದನ್ನು ‘ಎರಡು ಮನೆ ಜಾಡಿ’ ಅಂತಿದ್ದರು. ಅರಿಸಿನ ಇಡುತ್ತಿದ್ದರು. ನವರಾತ್ರಿಯಲ್ಲಿ ತೊಳೆದು ಒರೆಸಿ ಪಟ್ಟದ ಬೊಂಬೆಗಳ ಪಕ್ಕ ಇಡುವುದು ಪದ್ಧತಿ. ಯಾಕೆ ಅಂತ ನಾವು ಕೇಳಲಿಲ್ಲ. ಅಜ್ಜಿಯ ತಂದೆ ಮದ್ರಾಸಿನಲ್ಲಿ ರೈಲ್ವೆ ಕೆಲಸದಲ್ಲಿದ್ದರು, ಅಲ್ಲಿಂದ ತಂದದ್ದು ಅನ್ನುವುದಷ್ಟೇ ಗೊತ್ತು.

ಮಾರುವುದಿಲ್ಲ. ಬೆಲೆ ಹೇಳಬೇಡಿ. ಚಿತ್ರದ ಅರ್ಥ ಗೊತ್ತಿದ್ದರೆ ಹೇಳಿ.

ಸುಮ್ನೆ ಓದುಗ (ಮಂಡ್ಯ)

ಬೆಲೆ ಹೇಳಬೇಡಿ ಅಂದಮೇಲೆ ಎಲ್ಲರೂ ಬೆಲೆನೇ ಹೇಳ್ತಾರೆ ನೋಡಿ. 😀

ನೀಲಿಗೆರೆ (ಮೈಸೂರು)

ಮೇಡಂ, ಅದು ಮನೆ ಅಲ್ಲ, ಅಕ್ಷರ. ಚೀನೀ ಅಕ್ಷರ. ‘ಷೀ’ ಅಂದರೆ ಸಂತೋಷ. ಅದನ್ನೇ ಎರಡು ಸಲ ಅಂಟಿಸಿ ಬರೆದಿದ್ದಾರೆ. ಹಾಗೆ ಬರೆದರೆ ಜೋಡಿ ಸಂತೋಷ. ಚೀನಾದಲ್ಲಿ ಇದು ಮದುವೆಯ ಗುರುತು. ಬಾಗಿಲಿಗೆ ಕೆಂಪು ಕಾಗದದಲ್ಲಿ ಕತ್ತರಿಸಿ ಅಂಟಿಸುತ್ತಾರೆ, ಲಗ್ನಪತ್ರಿಕೆ ಮೇಲೆ ಹಾಕುತ್ತಾರೆ. ನಮ್ಮಲ್ಲಿ ಬಾಗಿಲಿಗೆ ಮಾವಿನ ತೋರಣ ಕಟ್ಟಿದರೆ ಒಳಗೆ ಶುಭಕಾರ್ಯ ಇದೆ ಅಂತ ಬೀದಿಗೇ ಗೊತ್ತಾಗುತ್ತಲ್ಲ, ಹಾಗೆ. ಈ ಗುರುತಿನ ಜಾಡಿಗಳನ್ನು ಮದುವೆಗೆ ಉಡುಗೊರೆ ಕೊಡುತ್ತಿದ್ದರು.

ಈಗ ನಿಮ್ಮ ಅಜ್ಜಿಯ ವಿಷಯಕ್ಕೆ ಬನ್ನಿ. ಪಟ್ಟದ ಬೊಂಬೆ ಅಂದರೆ ಏನು? ಮದುವೆಯಲ್ಲಿ ಹೆಣ್ಣುಮಗಳಿಗೆ ತವರಿನವರು ಕೊಡುವ ಗಂಡು ಹೆಣ್ಣು ಜೋಡಿ ಬೊಂಬೆ. ಅದರ ಪಕ್ಕದಲ್ಲೇ ಈ ಜಾಡಿ, ಒಳಗೆ ಅರಿಸಿನ! ಅಕ್ಷರ ಓದಲು ಬರದೆ ಇದ್ದರೂ ಇಟ್ಟ ಜಾಗ ಸರಿಯಾಗಿದೆ. ‘ಎರಡು ಮನೆ’ ಅಂದದ್ದೂ ತಪ್ಪಲ್ಲ ಅಂತೀನಿ. ಮದುವೆ ಅಂದರೆ ಎರಡು ಮನೆ ಸೇರುವುದೇ ಅಲ್ವಾ?

ಇನ್ನೊಂದು ಹೇಳಿಬಿಡುತ್ತೇನೆ, ನನಗೆ ಬಹಳ ಇಷ್ಟವಾದದ್ದು. ಆ ‘ಷೀ’ ಅಕ್ಷರ ಬಿಡಿಸಿ ನೋಡಿದರೆ ಎರಡು ಭಾಗ. ಮೇಲಿನದು, ನೀವು ಗೋಪುರ ಅಂದಿರಲ್ಲ, ಅದು ಸ್ಟ್ಯಾಂಡ್ ಮೇಲೆ ಕೂರಿಸಿದ ನಗಾರಿ. ಕೆಳಗಿನ ಚೌಕದ ಬಾಗಿಲು ಬಾಗಿಲಲ್ಲ, ಬಾಯಿ. ವಾದ್ಯ ಮತ್ತು ಬಾಯಿ ಸೇರಿದರೆ ಸಂತೋಷ. ನಮ್ಮ ಕಡೆ ಲೆಕ್ಕದಲ್ಲಿ ವಾಲಗ ಮತ್ತು ಸೋಬಾನೆ ಪದ ಅಂದುಕೊಳ್ಳಿ.

ಅಟ್ಟದ ಮೇಲೆ (ಮೈಸೂರು)

ಅಯ್ಯೋ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ನಮ್ಮ ಮನೆಯಲ್ಲಿ ಎಲ್ಲರೂ ಅಜ್ಜಿಯನ್ನು ನಗಾಡಿದ್ದೇವೆ, ‘ಎಲ್ಲಿಯ ಮನೆ, ಅದು ಬರಿ ಡಿಸೈನ್’ ಅಂತ. ತುಂಬಾ ಥ್ಯಾಂಕ್ಸ್. ಬಳ್ಳಿಗೂ ಅರ್ಥ ಇದೆಯಾ?

ಸುಮ್ನೆ ಓದುಗ (ಮಂಡ್ಯ)

ಎಲ್ಲ ಸರಿ. ಆದರೆ ನಮ್ಮ ಕುಂಬಾರರು ಮಾಡಿದ ಮಡಕೆ ಬಗ್ಗೆ ಇಲ್ಲಿ ಒಬ್ಬರೂ ಒಂದು ಸಾಲು ಬರೆಯಲ್ಲ. ಚೀನಾ ಸಾಮಾನು ಅಂದ ತಕ್ಷಣ ಹೊಗಳಿಕೆ ಶುರು.

ಮೇಷ್ಟ್ರು (ಪಾಂಡವಪುರ)

ಓದುಗರೇ, ನಿಮ್ಮ ಮನೆಯಲ್ಲಿ ರೇಷ್ಮೆ ಸೀರೆ ಇದೆಯೋ ಇಲ್ಲವೋ? ಹುಳ ಯಾವ ದೇಶದ್ದು ಸ್ವಾಮಿ? ಟಿಪ್ಪು ಕಾಲದಲ್ಲಿ ಈ ಸೀಮೆಗೆ ಬಂತು, 1912ರಲ್ಲಿ ಮೈಸೂರಿನಲ್ಲಿ ಕಾರ್ಖಾನೆಯೇ ಶುರುವಾಯಿತು. ಈಗ ಅದನ್ನು ಯಾರಾದರೂ ಚೀನಾ ಸಾಮಾನು ಅಂತಾರಾ? ನೂರು ವರ್ಷ ಅರಿಸಿನ ತುಂಬಿಸಿಕೊಂಡು ಕೂತ ಜಾಡಿಗೂ ಅಷ್ಟು ಹಕ್ಕಿದೆ.

ಬಳ್ಳಿಯ ವಿಷಯ. ಫೋಟೋ ದೊಡ್ಡದು ಮಾಡಿ ನೋಡಿದೆ. ಬಳ್ಳಿ ಎಲ್ಲೂ ತುಂಡಾಗಿಲ್ಲ. ಒಂದು ಸುರುಳಿ ಮುಗಿಯುವ ಕಡೆಯಿಂದಲೇ ಇನ್ನೊಂದು ಹೊರಡುತ್ತದೆ. ಸೋಮನಾಥಪುರದ ಕೇಶವ ದೇವಾಲಯ ನೋಡಿದವರಿಗೆ ಇದು ಗುರುತು ಸಿಗುತ್ತದೆ. 1258ರ ಕಟ್ಟಡ. ಗೋಡೆಯ ಬುಡದಲ್ಲಿ ಮೊದಲು ಆನೆ ಸಾಲು, ಅದರ ಮೇಲೆ ಕುದುರೆ ಸವಾರರು, ಅದರ ಮೇಲೆ ಬಳ್ಳಿ ಸಾಲು. ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದಾಗಲೆಲ್ಲ ಎಲ್ಲರೂ ಆನೆ ಎಣಿಸುತ್ತಾರೆ, ಬಳ್ಳಿಯನ್ನು ಯಾರೂ ನೋಡುವುದಿಲ್ಲ. ನಾನು ಬೆರಳಿಟ್ಟು ತೋರಿಸಿ, ‘ಇದರ ತುದಿ ಹುಡುಕಿ’ ಅಂತ ಬಿಟ್ಟುಬಿಡುತ್ತೇನೆ. ಹತ್ತು ನಿಮಿಷ ಗಲಾಟೆ ಇರುವುದಿಲ್ಲ.

ಎರಡಕ್ಕೂ ಸಂಬಂಧ ಇದೆ ಅಂತ ಹೇಳುತ್ತಿಲ್ಲ. ಕೈ ಅದೇ ಥರ ಓಡಿದೆ, ಅಷ್ಟೆ.

ನೀಲಿಗೆರೆ (ಮೈಸೂರು)

ಮೇಷ್ಟ್ರು ಹೇಳಿದ ‘ತುಂಡಾಗದ ಬಳ್ಳಿ’ಯಲ್ಲೇ ಅರ್ಥ ಇರುವುದು. ಇಂಥ ಬಳ್ಳಿಯಲ್ಲಿ ಬಿಡುವುದು ಸಾಮಾನ್ಯವಾಗಿ ತಾವರೆ. ತಾವರೆ ನಿಜವಾಗಿ ಬಳ್ಳಿಯಲ್ಲಿ ಬಿಡುವುದಿಲ್ಲ ಅಂತ ಚಿತ್ರ ಬರೆದವನಿಗೂ ಗೊತ್ತು. ಆದರೂ ಯಾಕೆ ಬರೆದ? ಚೀನೀ ಭಾಷೆಯಲ್ಲಿ ತಾವರೆಗೆ ‘ಲಿಯನ್’. ಒಂದಕ್ಕೊಂದು ಸೇರಿಕೊಂಡಿರುವುದು, ಬಿಡದೆ ಮುಂದುವರಿಯುವುದು, ಅದಕ್ಕೂ ‘ಲಿಯನ್’. ಬರೆಯುವ ಅಕ್ಷರ ಬೇರೆ, ಕಿವಿಗೆ ಒಂದೇ. ಅಂದರೆ ಜೋಡಿಯ ಸಂತೋಷ ನಿಲ್ಲದೆ ಮುಂದುವರಿಯಲಿ ಅನ್ನುವ ಹಾರೈಕೆ. ನಾವು ವಂಶದ ಕುಡಿ, ಮನೆತನದ ಬಳ್ಳಿ ಅಂತೀವಿ. ಅದೇ ಬಳ್ಳಿ.

ಆ ಕಡೆಯ ಚಿತ್ರಗಳಲ್ಲಿ ಅರ್ಧಕ್ಕರ್ಧ ಇಂಥ ಶ್ಲೇಷೆ. ಬಾವಲಿಯನ್ನು ಅವರು ಬಟ್ಟಲು, ತಟ್ಟೆ, ಜಾಡಿ ಎಲ್ಲದರ ಮೇಲೂ ಬರೆಯುತ್ತಾರೆ. ಬಾವಲಿಗೂ ಅದೃಷ್ಟಕ್ಕೂ ಅವರಲ್ಲಿ ಒಂದೇ ಉಚ್ಚಾರ, ‘ಫೂ’. ಐದು ಬಾವಲಿ ಬರೆದರೆ ಐದು ಭಾಗ್ಯ: ಆಯಸ್ಸು, ಐಶ್ವರ್ಯ, ಆರೋಗ್ಯ, ಒಳ್ಳೆಯ ಗುಣ, ನೆಮ್ಮದಿಯ ಸಾವು. ನಮ್ಮ ಮನೆಗೆ ಒಂದು ಬಾವಲಿ ನುಗ್ಗಿದರೆ ಪೊರಕೆ ಹಿಡಿದು ಓಡಾಡುತ್ತೇವೆ. ಅಕ್ಕಪಕ್ಕದವರು ಶಾಂತಿ ಮಾಡಿಸಿ ಅಂತಾರೆ. 😀

ಮೇಡಂ, ಭುಜದ ಹತ್ತಿರ ಒಂದು ಪಟ್ಟಿ ಇದೆಯಾ? ಫೋಟೋದಲ್ಲಿ ಮಸುಕು.

ಅಟ್ಟದ ಮೇಲೆ (ಮೈಸೂರು)

ಇದೆ. ಮೋಡದ ಸುರುಳಿಯಂಥದ್ದು, ಸಾಲಾಗಿ. ತಳದಲ್ಲಿ ಎದ್ದು ನಿಂತ ಎಸಳುಗಳ ಸಾಲು. ನಮ್ಮ ಅತ್ತೆ ನೋಡಿದವರೇ, ‘ಸೀರೆ ಥರ ಇದೆ. ಮೇಲೊಂದು ಅಂಚು, ಕೆಳಗೊಂದು ಅಂಚು, ಒಡಲೆಲ್ಲ ಬಳ್ಳಿ’ ಅಂದರು.

ನೀಲಿಗೆರೆ (ಮೈಸೂರು)

ನಿಮ್ಮ ಅತ್ತೆಗೆ ನಮಸ್ಕಾರ ಹೇಳಿ. ಆ ಮೋಡದಂಥದ್ದಕ್ಕೆ ‘ರು ಯಿ’ ಅಂತಾರೆ, ‘ಬಯಸಿದಂತೆ ಆಗಲಿ’ ಅಂತ ಅರ್ಥ. ಎಸಳು ತಾವರೆಯದ್ದು. ಮೇಲಿನ ಅಂಚಿನಲ್ಲಿ ಹಾರೈಕೆ, ಒಡಲಲ್ಲಿ ಮದುವೆ, ಕೆಳಗೆ ತಾವರೆಯ ಪೀಠ. ಹದಿನಾರು ಸೆಂಟಿಮೀಟರಿನಲ್ಲಿ ಇಷ್ಟು ತುಂಬಿಸಿದ್ದಾರೆ. ಆದರೂ ಕಿಕ್ಕಿರಿದ ಹಾಗೆ ಕಾಣಿಸುವುದಿಲ್ಲ, ಯಾಕೆಂದರೆ ಬಳ್ಳಿಯ ಎಲೆಗಳ ಸುತ್ತ ಬಿಳಿ ಬಿಟ್ಟಿದ್ದಾರೆ. ಆ ಬಿಳಿ ಬಿಟ್ಟಿರುವುದೇ ಜಾಣತನ.

ಆವಿಗೆ (ಮದ್ದೂರು)

ಇಷ್ಟು ಹೊತ್ತೂ ಚಿತ್ರದ ಮಾತೇ ಆಯಿತು. ಮಾಟ ಯಾರೂ ನೋಡಲಿಲ್ಲ. ನಮ್ಮ ತಾತ ಕುಂಬಾರಿಕೆ ಮಾಡುತ್ತಿದ್ದರು. ನಾನು ಮಾಡುವುದಿಲ್ಲ, ಬೆಂಗಳೂರಿನಲ್ಲಿ ಕೆಲಸ. ಆದರೆ ಮಡಕೆ ಕಂಡರೆ ಮೊದಲು ಕೈ ಹೋಗುವುದು ಹೊಟ್ಟೆಗೆ.

ಈ ಜಾಡಿಗೆ ಹೊಟ್ಟೆ ಮೇಲಿದೆ. ಭುಜ ಅಗಲ, ಬುಡ ಸಣ್ಣ. ನಮ್ಮ ಕೊಡ, ಮಡಕೆ ಹಾಗಿಲ್ಲ. ಅವಕ್ಕೆ ತಳ ಗುಂಡು, ಸೊಂಟದ ಮೇಲೆ ಕೂರಬೇಕು, ಸಿಂಬಿ ಮೇಲೆ ಕೂರಬೇಕು, ಮೂರು ಕಲ್ಲಿನ ಒಲೆ ಮೇಲೂ ಕೂರಬೇಕು. ಈ ಜಾಡಿ ನಡೆದಾಡುವ ಸಾಮಾನಲ್ಲ. ಶೆಲ್ಫ್ ಮೇಲೆ ಕೂತು, ಕಣ್ಣಿನ ಎತ್ತರದಲ್ಲಿ ನೋಡಿಸಿಕೊಳ್ಳುವುದಕ್ಕೆ ಮಾಡಿದ್ದು. ಚಿತ್ರ ಜಾಸ್ತಿ ಕಾಣಬೇಕಾದ ಜಾಗ ಭುಜ, ಅದನ್ನೇ ಅಗಲ ಮಾಡಿದ್ದಾರೆ.

ಅಕ್ಕ, ಒಂದು ಕೆಲಸ ಮಾಡಿ. ಒಳಗೆ ಕೈ ಹಾಕಿ ಹೊಟ್ಟೆಯ ಮಧ್ಯ ಬೆರಳಾಡಿಸಿ. ಸುತ್ತಲೂ ಒಂದು ಏಣು ಸಿಗುತ್ತಾ?

ಅಟ್ಟದ ಮೇಲೆ (ಮೈಸೂರು)

ಕೈ ಹೋಗಲಿಲ್ಲ, ಮಗಳ ಕೈ ಹೋಯಿತು. ಇದೆಯಂತೆ! ಸುತ್ತಲೂ ದಾರ ಕಟ್ಟಿದ ಹಾಗೆ. ನಿಮಗೆ ಹೇಗೆ ಗೊತ್ತಾಯಿತು?

ಆವಿಗೆ (ಮದ್ದೂರು)

ಮೇಲಿನ ಅರ್ಧ ಬೇರೆ, ಕೆಳಗಿನ ಅರ್ಧ ಬೇರೆ ಮಾಡಿ ಹಸಿ ಇರುವಾಗಲೇ ಅಂಟಿಸಿದ್ದಾರೆ. ಚೀನೀ ಜಾಡಿಗಳಲ್ಲಿ ಇದು ಸಾಮಾನ್ಯ. ಹೊರಗೆ ಕೆರೆದು ನುಣುಪು ಮಾಡುತ್ತಾರೆ, ಒಳಗೆ ಯಾರು ನೋಡುತ್ತಾರೆ ಅಂತ ಬಿಟ್ಟುಬಿಡುತ್ತಾರೆ. ಇದೂ ಎರಡು ಸೇರಿ ಒಂದಾದ ಲೆಕ್ಕವೇ!

ಕುತ್ತಿಗೆಯಲ್ಲಿ ಹಳದಿ ಪಟ್ಟಿ ಕಾಣಿಸುತ್ತಿದೆ, ಮುಚ್ಚಳ ಕೂರುವ ಜಾಗದಲ್ಲಿ. ಅಲ್ಲಿ ಗ್ಲೇಜ್ ಇಲ್ಲ. ಗ್ಲೇಜ್ ಅಂದರೆ ಬೆಂಕಿಯಲ್ಲಿ ಕರಗಿದ ಗಾಜು. ಮುಚ್ಚಳ ತಾಗುವ ಕಡೆ, ತಳದ ಏಣಿನ ಕಡೆ ಅದನ್ನು ಒರೆಸಿಬಿಡಬೇಕು. ಇಲ್ಲದಿದ್ದರೆ ಗೂಡಿನಲ್ಲಿ ಅಂಟಿಕೊಂಡು ಕೂತುಬಿಡುತ್ತದೆ. ಒರೆಸಿದ ಜಾಗ ಒರಟು. ಅಜ್ಜಿಯ ಅರಿಸಿನ ಅಲ್ಲಿ ಕೂತಿದೆ.

ನೀಲಿಯ ವಿಷಯವೂ ಹೇಳಿಬಿಡುತ್ತೇನೆ. ಅದು ಕೋಬಾಲ್ಟ್. ಬರೆಯುವಾಗ ನೀಲಿ ಇರುವುದಿಲ್ಲ, ಮಸಿಯಂಥ ಬೂದು ಕಪ್ಪು. ಬೇಯದ ಜಾಡಿ ಮೇಲೆ ಕುಂಚ ಇಟ್ಟರೆ ತಕ್ಷಣ ಹೀರಿಕೊಳ್ಳುತ್ತದೆ, ಅಳಿಸುವ ಹಾಗಿಲ್ಲ. ಮೇಲೆ ಗ್ಲೇಜ್ ಹಾಕಿ ಸುಮಾರು 1,300 ಡಿಗ್ರಿ ಬೆಂಕಿ ಕೊಟ್ಟ ಮೇಲೆ ನೀಲಿ. ಬರೆದವನು ಆ ಬಣ್ಣವನ್ನು ಮನಸ್ಸಿನಲ್ಲೇ ನೋಡಿಕೊಂಡು ಬರೆಯಬೇಕು. ನಮ್ಮ ಆವಿಗೆಯಲ್ಲಿ 800, 900 ಡಿಗ್ರಿ ಆದರೆ ಹೆಚ್ಚು. ಅದಕ್ಕೇ ನಮ್ಮ ಮಡಕೆ ಮಣ್ಣಾಗಿಯೇ ಉಳಿಯುತ್ತದೆ, ನೀರು ಜಿನುಗಿ ತಣ್ಣಗಾಗುತ್ತದೆ. ಪಿಂಗಾಣಿ ಅಷ್ಟು ಬೆಂದು ಅರ್ಧ ಗಾಜೇ ಆಗಿಬಿಟ್ಟಿರುತ್ತದೆ. ಬೇಸಿಗೆಯಲ್ಲಿ ಯಾವುದು ಬೇಕು ಅಂತ ನನ್ನ ಕೇಳಬೇಡಿ.

ಲೈನ್‌ಮನ್ ಮಗ (ಮಳವಳ್ಳಿ)

ಪಿಂಗಾಣಿ ಅಂದರೆ ನಮಗೆ ಕರೆಂಟ್ ಕಂಬದ ಮೇಲಿನ ಬಟ್ಟಲು ಮಾತ್ರ ಗೊತ್ತಿತ್ತು. 😀 ಅಪ್ಪ ಒಡೆದ ಇನ್ಸುಲೇಟರ್ ಮನೆಗೆ ತರುತ್ತಿದ್ದರು, ಅಮ್ಮ ಅದರಲ್ಲಿ ಅಗರಬತ್ತಿ ಸಿಗಿಸುತ್ತಿದ್ದರು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಕರೆಂಟ್ ಹೋದದ್ದು ನಮ್ಮೂರ ಹೆಮ್ಮೆ. ಆವಿಗೆ ಅಣ್ಣ ಹೇಳಿದ ‘ಅರ್ಧ ಗಾಜು’ ಕಾರಣಕ್ಕೇ ಪಿಂಗಾಣಿ ಕರೆಂಟ್ ಬಿಡುವುದಿಲ್ಲ, ನೀರೂ ಹೀರುವುದಿಲ್ಲ. ವಿಷಯಾಂತರಕ್ಕೆ ಕ್ಷಮಿಸಿ.

ಸುಮ್ನೆ ಓದುಗ (ಮಂಡ್ಯ)

ಸರಿ ಒಪ್ಪಿದೆ, ಚೆನ್ನಾಗಿದೆ. ಒಂದು ಪ್ರಶ್ನೆ, ನಿಜವಾಗಿ ಕೇಳುತ್ತಿದ್ದೇನೆ. ಚಿತ್ರ ಅಷ್ಟೇನೂ ನೀಟಾಗಿಲ್ಲವಲ್ಲ? ಒಂದು ಕಡೆ ಎರಡು ಮನೆಯಲ್ಲಿ ಒಂದು ಸಣ್ಣ, ಒಂದು ದಪ್ಪ. ನೀಲಿ ಗೆರೆ ದಾಟಿ ಹರಿದಿದೆ.

ನೀಲಿಗೆರೆ (ಮೈಸೂರು)

ಒಳ್ಳೆ ಕಣ್ಣು ನಿಮ್ಮದು. ಇದು ಅರಮನೆಗೆ ಮಾಡಿದ್ದಲ್ಲ, ಪೇಟೆಗೆ ಮಾಡಿದ್ದು. ದಿನಕ್ಕೆ ಎಷ್ಟೋ ಜಾಡಿ ಬರೆಯುವ ಕೈ. ಚೀನಾದ ಪಿಂಗಾಣಿ ಊರು ಜಿಂಗ್‌ಡೆಝೆನ್ ಬಗ್ಗೆ ಒಬ್ಬ ಫ್ರೆಂಚ್ ಪಾದ್ರಿ 1712ರಲ್ಲಿ ಕಾಗದ ಬರೆದಿದ್ದಾರೆ. ಒಂದು ಪಾತ್ರೆ ಮುಗಿಯುವಷ್ಟರಲ್ಲಿ ಎಪ್ಪತ್ತು ಜನರ ಕೈ ದಾಟುತ್ತದಂತೆ. ಗೆರೆ ಎಳೆಯುವವನು ಬೇರೆ, ಬಣ್ಣ ತುಂಬುವವನು ಬೇರೆ. ಈ ಜಾಡಿ ಆ ಊರಿನದ್ದೇ ಅಂತ ಹೇಳಲಾರೆ, ದಕ್ಷಿಣ ಚೀನಾದ ಬೇರೆ ಗೂಡುಗಳಲ್ಲೂ ಇಂಥವನ್ನು ರಾಶಿ ರಾಶಿ ಮಾಡಿ ಹಡಗಿಗೆ ತುಂಬುತ್ತಿದ್ದರು.

ನನಗೆ ಆ ಹರಿದ ನೀಲಿಯೇ ಇಷ್ಟ. ಹಬ್ಬದ ದಿನ ಅವಸರದಲ್ಲಿ ಇಟ್ಟ ರಂಗೋಲಿ ಹಾಗೆ. ಚುಕ್ಕಿ ಒಂದು ಕಡೆ ಜಾರಿರುತ್ತದೆ, ಕೈ ಮಾತ್ರ ನಿಂತಿರುವುದಿಲ್ಲ.

ಹೊಸಬ (ಮೈಸೂರು)

ತಳದ ಎರಡು ಸುತ್ತು ನೋಡಿದರೆ 300 ವರ್ಷ ಹಳೆಯದು. ನನಗೆ ಗೊತ್ತಿರುವ ಅಂಗಡಿಯವರು ಹಾಗೇ ಹೇಳಿದರು. ಕುತ್ತಿಗೆಯ ಕಲೆಗೆ ಬ್ಲೀಚಿಂಗ್ ಪೌಡರ್ ಹಾಕಿ, ಬಿರುಕಿದ್ದರೆ ಫೆವಿಕ್ವಿಕ್. ರೇಟು ಬರುತ್ತೆ.

ಆವಿಗೆ (ಮದ್ದೂರು)

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಸುಮ್ನೆ ಹೇಳಿದ್ದಲ್ಲ. ಅಕ್ಕ, ದಯವಿಟ್ಟು ಬ್ಲೀಚಿಂಗ್ ಮುಟ್ಟಿಸಬೇಡಿ. ಪ್ಲಾಸ್ಟಿಕ್ ಟಬ್ಬಿಗೆ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರು, ಎರಡು ಹನಿ ಸೋಪು, ಹತ್ತಿ ಬಟ್ಟೆ. ಮುಚ್ಚಳ ಬೇರೆ ತೊಳೆಯಿರಿ. ಅರಿಸಿನದ ಕಲೆ ಇರಲಿ ಬಿಡಿ, ಅದು ಅಜ್ಜಿಯದು.

ಬಿರುಕು ಇದೆಯಾ ಅಂತ ನೋಡಲು ಸಂತೆಯಲ್ಲಿ ಮಡಕೆ ತಗೊಳ್ಳುವಾಗ ಮಾಡುತ್ತೇವಲ್ಲ, ಹಾಗೆ ಬೆರಳ ಗಿಣ್ಣಿನಲ್ಲಿ ಮೆಲ್ಲಗೆ ತಟ್ಟಿ. ಟಣ್ ಅಂದರೆ ಗಟ್ಟಿ. ಟಪ್ ಅಂದರೆ ಎಲ್ಲೋ ಸೀಳಿದೆ.

ನೀಲಿಗೆರೆ (ಮೈಸೂರು)

ಎರಡು ಸುತ್ತಿನ ಕಥೆ ನಿಜ, ಲೆಕ್ಕ ತಪ್ಪು. 1677ರಲ್ಲಿ ಜಿಂಗ್‌ಡೆಝೆನ್‌ನ ಅಧಿಕಾರಿಯೊಬ್ಬರು ಪಾತ್ರೆಗಳ ತಳದಲ್ಲಿ ಚಕ್ರವರ್ತಿಯ ಹೆಸರು ಬರೆಯಬಾರದು ಅಂತ ಆಜ್ಞೆ ಮಾಡಿದರು. ಒಡೆದರೆ ಹೆಸರು ಕಸದಲ್ಲಿ ಬೀಳುತ್ತದಲ್ಲ, ಅದಕ್ಕೆ. ಆಗ ಬರೆಯುವವರು ಹೆಸರು ಬಿಟ್ಟು ಸುತ್ತು ಮಾತ್ರ ಹಾಕಿದರು. ಆದರೆ ಎರಡು ಶತಮಾನ ಆದಮೇಲೂ ಹಳೆಯದರ ಮೇಲಿನ ಪ್ರೀತಿಗೆ ಅದೇ ಸುತ್ತು ಹಾಕುತ್ತಿದ್ದರು. ಹಾಗಾಗಿ ಸುತ್ತು ನೋಡಿ ವಯಸ್ಸು ಹೇಳುವುದು ಜುಟ್ಟು ನೋಡಿ ವೇದ ಬರುತ್ತೆ ಅಂದ ಹಾಗೆ. ಜೋಡಿ ಸಂತೋಷದ ಇಂಥ ಜಾಡಿಗಳು ಹೆಚ್ಚಾಗಿ ಸಿಗುವುದು 19ನೇ ಶತಮಾನ, 20ರ ಶುರುವಿನವು. ಅಜ್ಜಿಯ ತಂದೆಯ ಕಾಲಕ್ಕೆ ಸರಿಹೋಗುತ್ತದೆ.

ಆವಿಗೆ (ಮದ್ದೂರು)

ಓದುಗರು ಮೊದಲೇ ಕೇಳಿದರಲ್ಲ, ನಮ್ಮ ಮಡಕೆ ಬಗ್ಗೆ. ಅದಕ್ಕೆ ಇದು. ನಮ್ಮಲ್ಲೂ ಮದುವೆಗೆ ಬಣ್ಣದ ಮಡಕೆ ಇದೆ. ಐರಣೆ ಅಂತೀವಿ, ಕೆಲವು ಕಡೆ ಐರಾಣಿ. ತಾತ ಮದುವೆ ಕಾಲದಲ್ಲಿ ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಸುಣ್ಣ ಬಳಿದು, ಒಣಗಿದ ಮೇಲೆ ಕೆಮ್ಮಣ್ಣಿನಲ್ಲಿ ಗೆರೆ, ಚುಕ್ಕಿ, ಬಳ್ಳಿ. ಅಜ್ಜಿಯೇ ಬರೆಯುತ್ತಿದ್ದದ್ದು ಜಾಸ್ತಿ, ಹೆಸರು ತಾತನಿಗೆ. ಮದುವೆ ಮನೆ ಹೆಂಗಸರು ವಾಲಗದ ಜೊತೆ ನಮ್ಮ ಬಾಗಿಲಿಗೆ ಬರುತ್ತಿದ್ದರು. ಅಕ್ಕಿ, ಬೆಲ್ಲ, ಎಲೆ ಅಡಿಕೆ ಕೊಟ್ಟು, ಪೂಜೆ ಮಾಡಿ, ಹಾಡು ಹೇಳುತ್ತಾ ತಲೆ ಮೇಲೆ ಹೊತ್ತು ಚಪ್ಪರಕ್ಕೆ ಕರೆದೊಯ್ಯುತ್ತಿದ್ದರು. ಹೌದು, ಕರೆದೊಯ್ಯುವುದು. ಅಜ್ಜಿ ‘ಒಯ್ದರು’ ಅಂತ ಹೇಳುತ್ತಿರಲಿಲ್ಲ, ‘ಐರಣೆ ಕರಕೊಂಡು ಹೋದರು’ ಅನ್ನುತ್ತಿದ್ದರು.

ನಗಾರಿ ಮತ್ತು ಬಾಯಿ ಅಂತ ನೀಲಿಗೆರೆ ಮೇಡಂ ಬರೆದಾಗಲೇ ಇದು ನೆನಪಾಯಿತು. ಆ ಮಡಕೆಗಳು ಒಂದೂ ಉಳಿದಿಲ್ಲ. ಉಳಿಸಲು ಮಾಡಿದವೂ ಅಲ್ಲ.

ಸುಮ್ನೆ ಓದುಗ (ಮಂಡ್ಯ)

ಅಣ್ಣ, ಇದನ್ನು ಮೊದಲೇ ಬರೆಯಬೇಕಿತ್ತು. ನಮ್ಮಕ್ಕನ ಮದುವೆಯಲ್ಲಿ ನೋಡಿದ್ದೇನೆ. ನನ್ನ ಮದುವೆಗೆ ಛತ್ರದವರು ಸ್ಟೀಲ್ ಕೊಡಕ್ಕೆ ಪೇಂಟ್ ಹೊಡೆದು ಇಟ್ಟಿದ್ದರು.

ಅಟ್ಟದ ಮೇಲೆ (ಮೈಸೂರು)

ತಟ್ಟಿ ನೋಡಿದೆ. ಟಣ್!

ನಿನ್ನೆ ದೊಡ್ಡಮ್ಮನಿಗೆ ಫೋನ್ ಮಾಡಿ ಇದೆಲ್ಲ ಓದಿ ಹೇಳಿದೆ. ಅವರಿಗೆ 84. ಕೇಳಿಸಿಕೊಂಡು, ‘ಜಾಡಿ ಒಂದಲ್ಲ ಕಣೇ, ಎರಡಿದ್ದವು’ ಅಂದರು. ಜೋಡಿ! ಪಟ್ಟದ ಬೊಂಬೆಯ ಆ ಕಡೆ ಒಂದು, ಈ ಕಡೆ ಒಂದು. ಒಂದು ವರ್ಷ ಗೌರಿ ಹಬ್ಬಕ್ಕೆ ಧೂಳು ಹೊಡೆಯುವಾಗ ಒಂದು ಬಿದ್ದು ಹೋಯಿತಂತೆ. ಅಜ್ಜಿ ಯಾರನ್ನೂ ಬೈಯಲಿಲ್ಲವಂತೆ, ಆದರೆ ಎರಡು ದಿನ ಮಾತಾಡಲಿಲ್ಲವಂತೆ.

ಚೂರು ಏನು ಮಾಡಿದಿರಿ ಅಂದೆ. ಒಂದು ಚೂರಿನಲ್ಲಿ ಒಂದೇ ಮನೆ ಉಳಿದಿತ್ತಂತೆ, ಸರಿಯಾಗಿ ನಡುವೆ ಸೀಳಿ. ದೊಡ್ಡಮ್ಮ ಅದನ್ನು ಎತ್ತಿಟ್ಟುಕೊಂಡು ಕುಂಟೆಬಿಲ್ಲೆಗೆ ಬಿಲ್ಲೆ ಮಾಡಿಕೊಂಡಿದ್ದರಂತೆ. ‘ನೋಡೋಕೆ ಚೆಂದ, ಆಟಕ್ಕೆ ಪ್ರಯೋಜನವಿಲ್ಲ. ಎಸೆದರೆ ಜಾರಿ ಗೆರೆ ದಾಟಿಬಿಡೋದು, ದಿನಾ ಸೋಲ್ತಿದ್ದೆ. ಆಮೇಲೆ ಅದನ್ನು ಬಿಸಾಕಿ ಹಂಚಿನ ಚೂರು ತಗೊಂಡೆ’ ಅಂದರು.

ಆವಿಗೆ (ಮದ್ದೂರು)

ಬಿಲ್ಲೆಗೆ ಹಂಚಿನ ಚೂರೇ ಸರಿ ಅಕ್ಕ. ಒರಟು ಮಣ್ಣು, ನೆಲ ಕಚ್ಚಿಕೊಳ್ಳುತ್ತೆ.